ಮೂಕ ರೀಲಿಗೆ ಮಾತು ಕೂಡಿಸುವ ಗುಲನಾಜ

ಪರದೆಯ ಮೇಲೆ ಪೈಲವಾನನೊಬ್ಬ ತೊಡೆ ತಟ್ಟುತ್ತಾನೆ. ತಟ್ಟಿದ ಕೈ ಮೇಲೆದ್ದು, ಆತ ಎರಡು ಹೆಜ್ಜೆ ಮುಂದೆ ಬಂದ ಮೇಲೆ ‘ಚಟ್’ ಎಂಬ ಸದ್ದು ಬರುತ್ತದೆ. ಗುಲನಾಜ ಶಿಕಲಗಾರ ತಲೆ ಅಲ್ಲಾಡಿಸಿ, ಮೌಸನ್ನು ಒಂಚೂರು ಸರಿಸಿ ಮತ್ತೆ ಹಾಕುತ್ತಾರೆ. ಈಗ ಸದ್ದು ಮೊದಲೇ ಬಂದುಬಿಟ್ಟಿತು, ಪೈಲವಾನನ ಕೈ ಇನ್ನೂ ಗಾಳಿಯಲ್ಲೇ ಇದೆ. ಮತ್ತೆ ಸರಿಸುತ್ತಾರೆ, ಮತ್ತೆ ಕೇಳುತ್ತಾರೆ. ನನಗೆ ಆಕಳಿಕೆ ಬರುವ ಹೊತ್ತಿಗೆ ಕೈಯೂ ಸದ್ದೂ ಒಟ್ಟಿಗೆ ತೊಡೆಯ ಮೇಲೆ ಬೀಳುತ್ತವೆ. ಇಷ್ಟು ಹೊತ್ತು ಬರೀ ಚಿತ್ರವಾಗಿದ್ದ ಮನುಷ್ಯ ಥಟ್ಟನೆ ನಿಜವಾಗಿ ಎದುರು ನಿಂತಂತಾಗಿ ನಾನು ಕುರ್ಚಿಯಲ್ಲಿ ಹಿಂದೆ ಸರಿಯುತ್ತೇನೆ.

“ಹಾಂ, ಈಗ ಬಿತ್ತ ನೋಡ್ರಿ ಏಟ,” ಎಂದು ಗುಲನಾಜ ಕಿವಿಯಿಂದ ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಇಳಿಬಿಡುತ್ತಾರೆ.

ಅಥಣಿಯ ಆ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆಳಗೆ ತಮ್ಮ ಅರ್ಮಾನನ ಫೋಟೋ ಸ್ಟುಡಿಯೊದ ಶಟರ್ ಮುಚ್ಚಿಯೇ ಇದೆ. ಮೇಲಿನ ಈ ಸಣ್ಣ ಕೋಣೆಯ ಕಿಟಕಿಗೆ ಹಳೆಯ ಗಾದಿಯೊಂದನ್ನು ಮಡಚಿ ತುರುಕಿದ್ದಾರೆ. ನಸುಕಿನ ನಮಾಜು ಮುಗಿಸಿ, ಎರಡು ಓಣಿ ಆಚೆಗಿನ ತಮ್ಮ ಮನೆಯಿಂದ ನಡೆದು ಬಂದು ಗುಲನಾಜ ಕೆಲಸಕ್ಕೆ ಕೂರುವುದು ಈ ಹೊತ್ತಿಗೇ. ಕಾರಣ ಕೇಳಿದರೆ ರಸ್ತೆಯ ಕಡೆ ಕೈ ತೋರಿಸುತ್ತಾರೆ. ಕಬ್ಬಿನ ಹಂಗಾಮು. ಇನ್ನೊಂದು ತಾಸು ಕಳೆದರೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ದೊಡ್ಡ ದೊಡ್ಡ ಸ್ಪೀಕರ್ ಕಟ್ಟಿಕೊಂಡು ಹೊರಡುತ್ತವೆ. ಒಂದರಲ್ಲಿ ಮರಾಠಿ ಹಾಡು, ಹಿಂದಿನದರಲ್ಲಿ ಕನ್ನಡದ್ದು. ಎದೆ ನಡುಗಿಸುವ ಆ ಸದ್ದಿನಲ್ಲಿ ಗಾದಿಯೂ ಅಷ್ಟೇ, ಬಾಗಿಲೂ ಅಷ್ಟೇ.

ಗುಲನಾಜರ ಕೆಲಸ ಏನು ಎಂದು ಓಣಿಯಲ್ಲಿ ವಿಚಾರಿಸಿದರೆ “ಸ್ಟುಡಿಯೊದಾಗ ಕಂಪ್ಯೂಟರ್ ಮಾಡತಾಳ್ರಿ” ಎಂಬ ಉತ್ತರ ಸಿಗುತ್ತದೆ. ಹೀಗೆ ಹೇಳುವವರ ತಪ್ಪೂ ಅಲ್ಲ. ಇದಕ್ಕೊಂದು ಹೆಸರು ಆಕೆಯ ಬಳಿಯೂ ಇಲ್ಲ. ಹಳೆಯ ಕಾಲದಲ್ಲಿ ಹವ್ಯಾಸಕ್ಕೆಂದು ಸಣ್ಣ ಕ್ಯಾಮೆರಾಗಳಲ್ಲಿ ತೆಗೆದ ಫಿಲ್ಮುಗಳಿವೆಯಲ್ಲ, ಅವುಗಳಲ್ಲಿ ಹೆಚ್ಚಿನವಕ್ಕೆ ಧ್ವನಿ ಇರುವುದಿಲ್ಲ. ಅದೇ ದಿನ, ಅದೇ ಜಾಗದಲ್ಲಿ ಇನ್ನಾರೋ ಟೇಪ್‌ರೆಕಾರ್ಡರ್ ಇಟ್ಟು ಧ್ವನಿ ಹಿಡಿದಿರುತ್ತಾರೆ. ಚಿತ್ರ ಒಬ್ಬರ ಮನೆಯಲ್ಲಿ, ಕ್ಯಾಸೆಟ್ಟು ಇನ್ನೊಬ್ಬರ ಮನೆಯಲ್ಲಿ. ಎಷ್ಟೋ ವರ್ಷದ ಮೇಲೆ ಎರಡೂ ಸಿಕ್ಕರೆ, ಅವನ್ನು ಕೂಡಿಸಿಕೊಡುವವರು ಈ ಗುಲನಾಜ.

ಕೂಡಿಸುವುದೆಂದರೆ ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಆಯಿತಲ್ಲ ಎಂದು ನಾನೂ ಅಂದುಕೊಂಡಿದ್ದೆ. ಆಗುವುದಿಲ್ಲ. ಫಿಲ್ಮೆಂದರೆ ಬಿಡಿ ಬಿಡಿ ಫೋಟೋಗಳ ಸಾಲು. ಆ ಸಣ್ಣ ಕ್ಯಾಮೆರಾಗಳಲ್ಲಿ ಕೆಲವು ಸೆಕೆಂಡಿಗೆ ಹದಿನಾರು ಫೋಟೋ ತೆಗೆಯುತ್ತಿದ್ದವು, ಕೆಲವು ಹದಿನೆಂಟು. ಇಂದಿನ ವಿಡಿಯೊ ಓಡುವುದು ಇಪ್ಪತ್ತೈದರಲ್ಲಿ. ಹಳೆಯದನ್ನು ಹಾಗೇ ಇದಕ್ಕೆ ಹಾಕಿದರೆ ಮದುವೆಗೆ ಬಂದವರೆಲ್ಲ ಬಸ್ಸು ತಪ್ಪುವವರ ಹಾಗೆ ಓಡುತ್ತಾರೆ. ತೀರ ನಿಧಾನ ಮಾಡಿದರೆ ಹೋಳಿಗೆ ಜಾಸ್ತಿ ತಿಂದವರ ಹಾಗೆ ಕಾಲೆಳೆಯುತ್ತಾರೆ. ಇನ್ನು ಕ್ಯಾಸೆಟ್ಟಿನ ಕಥೆ ಬೇರೆ. ರೆಕಾರ್ಡ್ ಮಾಡುವಾಗ ಸೆಲ್ಲು ಸೋತಿದ್ದರೆ ಈಗ ಹಾಕಿದಾಗ ಗಂಡಸಿನ ಧ್ವನಿ ಕೀಚಲಾಗಿ ಕೇಳುತ್ತದೆ.

“ಚಿತ್ರದ್ದು ಒಂದು ನಡಿಗಿ, ಧ್ವನಿದು ಒಂದು ನಡಿಗಿ ಇರತೈತ್ರಿ,” ಎನ್ನುತ್ತಾರೆ ಗುಲನಾಜ. “ಎರಡೂ ಜೋಡೀಲೆ ಹೊಂಟ್ರ ಮನಶ್ಯಾ ಮಾತಾಡಿದಂಗ ಕಾಣತಾನ. ಇಲ್ಲಂದ್ರ ಬಾಯಿ ಒಂದ ಕಡೆ, ಮಾತ ಒಂದ ಕಡೆ.”

ಈ ಕಿವಿ ತಂದೆಯಿಂದ ಬಂದದ್ದು ಎಂದು ಹೇಳೋಣವೆಂದರೆ ಅದೂ ಸರಿಯಲ್ಲ. ತಂದೆ ಅಕ್ಬರಸಾಬರಿಗೆ ಕಿವಿ ಮಂದವಿತ್ತು. ನಿಪ್ಪಾಣಿಯಿಂದ ರಾಯಬಾಗದವರೆಗೆ ಮದುವೆ ವಿಡಿಯೊ ತೆಗೆಯುತ್ತಿದ್ದ ಅವರು ಹೆಗಲ ಮೇಲೆ ಭಾರದ ಕ್ಯಾಮೆರಾ ಹೊತ್ತು ಕೆಂಪು ಬಸ್ಸಿನಲ್ಲಿ ಓಡಾಡಿದವರು. ಮನೆಗೆ ಬಂದು ಎರಡು ವಿಸಿಆರ್ ಎದುರಿಗಿಟ್ಟುಕೊಂಡು ಕ್ಯಾಸೆಟ್ಟು ಜೋಡಿಸುವಾಗ ಮಗಳನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದರು. ಸನಾದಿ ಸರಿಯಾಗಿ ಕೂಡಿತೇ, ಮಂಗಲಾಷ್ಟಕ ಮುಗಿದು ಚಪ್ಪಾಳೆ ಬಿದ್ದಾಗಲೇ ಅಕ್ಕಿಕಾಳು ಬಿತ್ತೇ ಎಂದು ಹೇಳಬೇಕಾದವಳು ಆಕೆ. ಹೌದೆಂದರೆ ತಲೆ ಮೇಲೆ ಕೈ ಇಡುತ್ತಿದ್ದರು, ಅಲ್ಲವೆಂದರೆ ಮತ್ತೆ ಮೊದಲಿನಿಂದ.

“ಅಪ್ಪ ನನ್ನ ಕಿವಿ ಮ್ಯಾಲ ಧಂದಾ ನಡಸಿದ್ರಿ,” ಎಂದು ನಗುತ್ತಾರೆ. “ನನ್ನ ಲಗ್ನದ ಕ್ಯಾಸೆಟ್ ಸುದ್ದಾ ನಾನ ಕುಂತ ಜೋಡಿಸೇನಿ. ಎಲ್ಲಾರೂ ಅಳೂ ಜಾಗಾದಾಗ ಧ್ವನಿ ಚೊಲೋ ಬಂದಿರಲಿಲ್ರಿ, ಭಾಳ ಸಿಟ್ಟ ಬಂದಿತ್ತ.”

ಮದುವೆಯಾದ ಮೇಲೂ ಬಂದು ಕೂರುತ್ತಿದ್ದ ಆಕೆಯ ಬಗ್ಗೆ ಬಂಧುಗಳು ಆಡಿದ ಮಾತು ಸಣ್ಣದಲ್ಲ. ಹೆಣ್ಣುಮಗಳು ದಿನವಿಡೀ ಮಂದಿ ಮದುವೆ ನೋಡುತ್ತ ಕೂರುವುದೆಂದರೇನು ಎಂದು ಒಬ್ಬರು, ಕಿವಿಗೆ ಅದನ್ನು ಹಾಕಿಕೊಂಡರೆ ಬಾಗಿಲು ಬಡಿದರೂ ಕೇಳುವುದಿಲ್ಲ ಎಂದು ಇನ್ನೊಬ್ಬರು. ಗಂಡ ತೌಸಿಫ ಹಣ್ಣಿನ ವ್ಯಾಪಾರಿ. ಆತ ಮಾತ್ರ ಒಂದು ದಿನವೂ ಬೇಡ ಎಂದವನಲ್ಲ. ಕಿಟಕಿಯ ಗಾದಿ ತಂದು ತುರುಕಿದ್ದೂ ಆತನೇ. ಆಮೇಲೆ ಕಾಲ ಬದಲಾಯಿತು. ಚಿತ್ರವೂ ಧ್ವನಿಯೂ ಒಂದೇ ಕ್ಯಾಮೆರಾದಲ್ಲಿ ಒಟ್ಟಿಗೇ ಬರತೊಡಗಿ, ಕೂಡಿಸುವ ಕೆಲಸವೇ ಇಲ್ಲವಾಯಿತು. ಗುಲನಾಜ ಮನೆಯಲ್ಲೇ ಉಳಿದರು. ಆಗಲೇ, ಯಾರೂ ಎಣಿಸದ ದಾರಿಯಿಂದ, ಹಳೆಯ ಮೂಕ ಚಿತ್ರಗಳು ಒಂದೊಂದಾಗಿ ಬರತೊಡಗಿದವು. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರ ಮನೆಯ ತೊಟ್ಟಿಲ ಕಾರ್ಯ, ಚಿಕ್ಕೋಡಿಯ ಶಾಲೆಯೊಂದರ ವಾರ್ಷಿಕ ಗ್ಯಾದರಿಂಗು, ಗಡಿಯಾಚೆಯ ಕುಸ್ತಿ ಅಖಾಡ. ಪುಣೆ, ಮುಂಬೈಗಳಲ್ಲಿ ಮಕ್ಕಳು ಅವನ್ನು ಕಂಪ್ಯೂಟರಿಗೆ ಹಾಕಿಸಿ ಪೆನ್‌ಡ್ರೈವಿನಲ್ಲಿ ಊರಿಗೆ ಕಳಿಸುತ್ತಾರೆ. ಧ್ವನಿ ಇಲ್ಲವಲ್ಲ ಎಂದು ಇಲ್ಲಿನವರು ಅರ್ಮಾನನ ಅಂಗಡಿಗೆ ಬರುತ್ತಾರೆ, ಅರ್ಮಾನ ಮೇಲಿನ ಮೆಟ್ಟಿಲು ತೋರಿಸುತ್ತಾನೆ.

ಸಿನಿಮಾದವರ ಹಾಗೆ ಕ್ಯಾಮೆರಾದ ಎದುರು ಕ್ಲ್ಯಾಪ್ ಹಲಗೆ ಬಡಿದು ಗುರುತು ಹಾಕುವವರು ಹಳ್ಳಿಯಲ್ಲಿ ಎಲ್ಲಿದ್ದರು? ಆ ಗುರುತನ್ನು ಗುಲನಾಜ ಚಿತ್ರದೊಳಗೇ ಹುಡುಕುತ್ತಾರೆ. ಕಾಯಿ ಒಡೆದ ಗಳಿಗೆ, ಬಾರುಕೋಲು ಬೀಸಿದ್ದು, ಯಾರೋ ಮಗುವಿನ ಬೆನ್ನಿಗೆ ಗುದ್ದಿದ್ದು. “ನಮ್ಮ ಮಂದಿ ಸುಮ್ಮಕ ಕುಂಡರೂದ ಇಲ್ರಿ. ಏನರೆ ಒಂದು ಸಪ್ಪಳಾ ಮಾಡ್ತಾರ. ಅದ ನನಗ ಗುರ್ತ,” ಎನ್ನುತ್ತಾರೆ. ಅಂಥ ಒಂದು ಗುರುತನ್ನು ನಂಬಿ ತಾವು ಎಡವಿದ ಕಥೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ನಾನು ಈ ಲೇಖನ ಬರೆಯಲು ಹೊರಟದ್ದೇ ಆ ಕಥೆಗಾಗಿ.

ಕಾಗವಾಡದ ಕಡೆಯ ಶಿರಗುಪ್ಪಿಯಿಂದ ಕೋಮಲ ಖೋತ ಎಂಬ ಹುಡುಗಿ ಪೆನ್‌ಡ್ರೈವು ಮತ್ತು ಕ್ಯಾಸೆಟ್ಟು ಹಿಡಿದು ಬಂದದ್ದು ಮಳೆಗಾಲದಲ್ಲಿ. ಚಿತ್ರದಲ್ಲಿರುವುದು ಅವಳ ಅಜ್ಜ ಬಾಳಾಸಾಬ ಮತ್ತು ಅಜ್ಜಿ ಲಗಮವ್ವನ ಮದುವೆ, ಎಂಬತ್ತರ ದಶಕದ ಶುರುವಿನದು. ಆಗ ಆ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿದ್ದ ಎಂಜಿನಿಯರರೊಬ್ಬರು ಹವ್ಯಾಸಕ್ಕೆ ತೆಗೆದದ್ದನ್ನು ಅವರ ಮಗಳು ಪುಣೆಯಿಂದ ಕಳಿಸಿದ್ದರು. ಕ್ಯಾಸೆಟ್ಟು ಸಿಕ್ಕಿದ್ದು ಅಲಖನೂರಿನಲ್ಲಿ, ಲಗಮವ್ವನ ತಮ್ಮನ ಬಳಿ. ಆತ ಮದುವೆಗೆಂದೇ ಹೊಸ ಸೆಲ್ಲು ಹಾಕಿ ಟೇಪು ತಂದಿದ್ದನಂತೆ. ಲಗಮವ್ವ ತೀರಿಕೊಂಡು ಆಗಲೇ ಮೂರು ನಾಲ್ಕು ವರ್ಷ.

ಕೋಮಲಳಿಗೆ ಬೇಕಾಗಿದ್ದದ್ದು ಇಡೀ ಮದುವೆಯಲ್ಲ, ಒಂದು ಒಡಪು. ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿ ನೇರವಾಗಿ ಹೇಳುವುದಿಲ್ಲ. ಹೊಸ ಸೊಸೆ ಹೊಸಿಲು ದಾಟುವಾಗ ನಾದಿನಿಯರು ಬಾಗಿಲು ಹಿಡಿದು ನಿಲ್ಲುತ್ತಾರೆ, ಪ್ರಾಸ ಕಟ್ಟಿದ ಒಂದು ಒಡಪಿನಲ್ಲಿ ಗಂಡನ ಹೆಸರು ಸೇರಿಸಿ ಹೇಳಿದರೆ ಮಾತ್ರ ಬಿಡುತ್ತಾರೆ. ಲಗಮವ್ವ ಅವತ್ತು ಹೇಳಿದ್ದೇ ಮೊದಲು, ಅದೇ ಕೊನೆ. ಆಮೇಲೆ ಎಷ್ಟೋ ಕಾರ್ಯಗಳಲ್ಲಿ ಹೆಂಗಸರು ಸುತ್ತುಗಟ್ಟಿ ಕೂತರೂ ಬಾಯಿ ಬಿಡಲಿಲ್ಲ. ಜನಗಣತಿಯವರು ಬಂದು ಯಜಮಾನರ ಹೆಸರೇನು ಎಂದರೆ ಒಳಗಿದ್ದ ಮಗನನ್ನು ಕೂಗಿ “ನಿಮ್ಮಪ್ಪನ ಹೆಸರ ಹೇಳ ಬಾ ಇವರಿಗೆ” ಎನ್ನುತ್ತಿದ್ದರಂತೆ.

ಅವತ್ತು ಹೇಳಿದ್ದು ಪಕ್ಕದಲ್ಲೇ ನಿಂತಿದ್ದ ಮದುಮಗನಿಗೆ ಕೇಳಿಸಲೇ ಇಲ್ಲ.

ಬಾಳಾಸಾಬ ಇದನ್ನು ನನಗೆ ಆಮೇಲೆ, ಎಮ್ಮೆಗೆ ಮೇವು ಹಾಕುತ್ತ, ನನ್ನ ಕಡೆ ನೋಡದೇ ಹೇಳಿದರು: “ಹಲಗಿ ಬಡ್ಯಾಕತ್ತಿದ್ರು, ಗೆಳ್ಯಾರು ಕಿವ್ಯಾಗ ಏನೇನೋ ಅನ್ನಾಕತ್ತಿದ್ರು. ಅಕಿ ಅಂದ್ಲು, ಎಲ್ಲಾರೂ ನಕ್ಕರು, ನನಗ ಕೇಳಲಿಲ್ರಿ. ಇರಲಿ ಬಿಡು, ಮತ್ತೊಮ್ಮಿ ಅಂತಾಳ, ಎಲ್ಲಿ ಹೋಗತಾಳ ಅನಕೊಂಡ್ನಿ. ಅನಕೋಂತನ ಹ್ವಾದ್ನಿ.”

ಗುಲನಾಜ ಕೆಲಸಕ್ಕೆ ಕೂತರು. ಚಿತ್ರದಲ್ಲಿ ಮದುಮಗಳು ಪಕ್ಕಕ್ಕೆ ತಿರುಗಿ ಹೊಸಿಲ ಮುಂದೆ ನಿಂತಿದ್ದಾಳೆ. ಬಾಸಿಂಗದ ಎಳೆಗಳು ಮುಖದ ಮೇಲೆ ಇಳಿಬಿದ್ದು ತುಟಿ ಕಾಣುವುದೇ ಕಷ್ಟ. ಒಮ್ಮೆ ಆ ಎಳೆಗಳು ಅಲುಗುತ್ತವೆ, ಅಂದರೆ ಮಾತಾಡಿದಳು. ಸ್ವಲ್ಪ ಹೊತ್ತಿನ ಮೇಲೆ ಅಕ್ಕಿ ತುಂಬಿಟ್ಟ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬರುತ್ತಾಳೆ. ಕ್ಯಾಸೆಟ್ಟಿನಲ್ಲೂ ಸೇರು ಉರುಳುವ ಸದ್ದು ಠಣ್ಣೆಂದು ಕೇಳುತ್ತದೆ. ಇದಕ್ಕಿಂತ ಒಳ್ಳೆಯ ಗುರುತು ಬೇಕೆ? ಪುಣೆಯವರು ರೀಲು ಕೊಟ್ಟಿರಲಿಲ್ಲ, ಅದಿದ್ದರೆ ಕ್ಯಾಮೆರಾದ ವೇಗ ತಿಳಿಯುತ್ತಿತ್ತು. ಈ ಹಿಂದೆ ಬಂದ ಹಳೆಯ ಚಿತ್ರಗಳೆಲ್ಲ ಹದಿನಾರರವು, ಇದೂ ಅಷ್ಟೇ ಎಂದುಕೊಂಡು ಹದಿನಾರಕ್ಕೆ ಇಟ್ಟು, ಸೇರಿನ ಸದ್ದನ್ನು ಕಾಲಿಗೆ ಕೂಡಿಸಿದರು. ಅಲ್ಲಿಂದ ಹಿಂದಕ್ಕೆ ಹೋಗಿ ನೋಡಿದರೆ, ಬಾಸಿಂಗದ ಎಳೆ ಅಲುಗುವ ಜಾಗದಲ್ಲಿ ಕ್ಯಾಸೆಟ್ಟಿನಲ್ಲಿ ಹೆಣ್ಣು ಧ್ವನಿಯ ಒಂದು ಒಡಪು ಗಟ್ಟಿಯಾಗಿ, ಸ್ಪಷ್ಟವಾಗಿ ಇತ್ತು.

ಹಿತ್ತಲದಾಗ ಹಚ್ಚೇನಿ ಹೀರಿಬಳ್ಳಿ ಸಾಲ,
ನಾಮದೇವರ ಹೆಸರ ಹೇಳೇನಿ, ಬಾಗಲಾ ಬಿಡ್ರೆವ್ವಾ ಮೊದಲ.

ಹೆಸರು ನಾಮದೇವ ಎಂದಿದ್ದರೂ ಗುಲನಾಜರಿಗೆ ಅನುಮಾನ ಬರಲಿಲ್ಲ. ಈ ಗಡಿಯ ಊರುಗಳಲ್ಲಿ ಬಾಳಾಸಾಬ, ಅಣ್ಣಾಸಾಬ, ದಾದಾಸಾಬ ಎಂಬುವೆಲ್ಲ ಎಷ್ಟೋ ಸಲ ಮನೆಯಲ್ಲಿ ಕರೆಯುವ ಹೆಸರು, ರೇಶನ್ ಕಾರ್ಡಿನಲ್ಲಿ ಬೇರೆಯೇ ಇರುತ್ತದೆ. ಬಾಳಾಸಾಬರ ಕಾಗದದ ಹೆಸರು ನಾಮದೇವ ಇರಬೇಕು ಎಂದುಕೊಂಡರು. ಕೋಮಲಳಿಗೆ ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಒಡಪು ಸಿಕ್ಕ ಗುಟ್ಟು ಮೊದಲೇ ಗೊತ್ತಾಗಿಬಿಡುತ್ತದೆ ಎಂದು ಸುಮ್ಮನಾದರು.

ಶಿರಗುಪ್ಪಿಯ ಮನೆಯ ಪಡಸಾಲೆಯಲ್ಲಿ ಮನೆಮಂದಿ, ಅಕ್ಕಪಕ್ಕದವರು ಎಲ್ಲ ಸೇರಿದ್ದರು. ಟಿವಿಗೆ ಲ್ಯಾಪ್‌ಟಾಪು ಜೋಡಿಸಿ ಹಾಕಿದರು. ಮದುಮಗಳು ಲಗಮವ್ವ ತಲೆ ತಗ್ಗಿಸಿ ನಿಂತು, ತುಂಬಿದ ಮನೆಯ ಎದುರು, ನಾಮದೇವರ ಹೆಸರು ಹೇಳಿದಳು. ನಾಮದೇವ ಎಂದರೆ ಬಾಳಾಸಾಬರ ಅಣ್ಣ. ಬದುಕಿದ್ದಷ್ಟು ದಿನ ಭಾವನ ಎದುರು ತಲೆ ಮೇಲಿನ ಸೆರಗು ಜಾರಗೊಡದ ಹೆಣ್ಣುಮಗಳ ಬಾಯಲ್ಲಿ ಭಾವನ ಹೆಸರು! ಹೆಂಗಸರ ನಡುವಿನಿಂದ ನಗು ಸಿಡಿಯಿತು. ಕೋಮಲಳೂ ನಕ್ಕುಬಿಟ್ಟಳು. ಅಜ್ಜನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಆಗ ಬಾಳಾಸಾಬ ಆಡಿದ ಮಾತು ಗುಲನಾಜರಿಗೆ ಅಕ್ಷರಕ್ಕಕ್ಷರ ನೆನಪಿದೆ. ಅಜ್ಜನನ್ನು ಆಕೆ ಕರೆಯುವುದು ಆಬಾ ಎಂದೇ. “ಆಬಾ ಬೈಲಿಲ್ರಿ. ಬೈದಿದ್ರ ಚೊಲೋ ಇತ್ತ. ‘ತಂಗಿ, ಅದು ನಮ್ಮ ಅಣ್ಣನ ಹೇಣ್ತಿ, ವೈನಿ ಧ್ವನಿ. ನಮ್ಮಾಕಿ ನಾಚಕೊಂಡ ನಿಂತಿದ್ಲಲ್ಲ, ಒಡಪ ಹೆಂಗ ಹೇಳೂದು ಅಂತ ವೈನಿ ಮೊದಲ ತನ್ನ ಒಡಪ ಹೇಳಿ ತೋರಿಸಿದ್ಲು’ ಅಂದ್ರು. ‘ನಮ್ಮಾಕಿದು ಟೇಪಿನ್ಯಾಗ ಬಂದಿಲ್ಲಂತ ಕಾಣತೈತಿ, ಬಿಡ’ ಅಂದು ಎಮ್ಮಿ ಕಡೆ ಎದ್ದು ಹ್ವಾದ್ರು. ಹಿಂಡೂ ಹೊತ್ತ ಸುದ್ದಾ ಆಗಿರಲಿಲ್ಲ.”

ಅಥಣಿಗೆ ಮರಳುವ ಬಸ್ಸಿನಲ್ಲಿ ಸೆರಗು ಮುಖಕ್ಕೆ ಹಾಕಿಕೊಂಡು ಕೂತರಂತೆ. ಮನೆಯಲ್ಲಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ ಎಂದು ದೂರಿದವರು ತಾಯಿ ಸರ್ವರಬಿ. ಚಿತ್ರ ಕೂಡದಿದ್ದರೆ ಕೂಡಲಿಲ್ಲ ಎನ್ನಬಹುದು. ಸತ್ತವರ ಬಾಯಲ್ಲಿ ಅವರು ಆಡದ ಮಾತು ಇಡುವುದೆಂದರೆ ಬೇರೆ. ಆ ಕೊರಗು ಹೇಳುವಾಗ ಗುಲನಾಜ ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತಲೇ ಇದ್ದರು.

ಮತ್ತೆ ಕ್ಯಾಸೆಟ್ಟು ಹಾಕಿದರು. ವೈನಿಯ ಒಡಪು ಮುಗಿದ ಕೂಡಲೇ ಹೆಂಗಸರ ಗದ್ದಲವಿದೆ. ಆ ಗದ್ದಲದ ಅಡಿಯಲ್ಲಿ ಏನೋ ಒಂದು ಸಣ್ಣ ಧ್ವನಿ. ಮೊದಲ ಸಲ ಅದನ್ನು ಮಂದಿಯ ಗುಜುಗುಜು ಎಂದು ಬಿಟ್ಟಿದ್ದರು. ಈಗ ನಸುಕಿಗೆ ಎದ್ದು ಬಂದು, ಗದ್ದಲವನ್ನು ಒಂದೊಂದೇ ಪದರ ಇಳಿಸುತ್ತ ಹೋದರು. ಒಂದು ಬೆಳಗ್ಗೆ ಅದರೊಳಗೆ ‘ಬಾಳಾಸಾಬ’ ಎಂಬ ಹೆಸರು ಕೇಳಿತು. ಯಾರ ಧ್ವನಿ ಎಂದು ಮಾತ್ರ ಹೇಳುವಂತಿರಲಿಲ್ಲ. ಮದುಮಗಳದ್ದೇ ಇರಬಹುದು, ಚುಡಾಯಿಸುತ್ತಿದ್ದ ನಾದಿನಿಯದ್ದೂ ಇರಬಹುದು.

ಅದನ್ನು ಬಾಸಿಂಗದ ಎಳೆ ಅಲುಗುವಲ್ಲಿಗೆ ತಂದಿಟ್ಟರೆ ಸೇರು ತಪ್ಪುತ್ತಿತ್ತು. ಕಾಲು ಮುಂದೆ ಹೋಗುವ ಮೊದಲೇ ಠಣ್ ಎನ್ನುತ್ತಿತ್ತು. ಸೇರು ಕೂಡಿಸಿದರೆ ಮಾತು ತಪ್ಪುತ್ತಿತ್ತು. ಅಲ್ಲಿಗೆ ಚಿತ್ರದ ವೇಗವೇ ತಪ್ಪಿದೆ ಎಂದು ಗೊತ್ತಾಯಿತು. ಎರಡೂ ಕೂಡುವ ಹಾಗೆ ಚಿತ್ರವನ್ನು ಎಳೆದು ಹೊಂದಿಸಬಹುದಿತ್ತಲ್ಲ ಎಂದು ನಾನು ಕೇಳಿದೆ.

“ಹೊಂದಸಬೌದಿತ್ರಿ ಅಕ್ಕಾರ. ಆದ್ರ ಅದು ನಾ ಹೇಳಿಸಿದ್ದು ಆಗತಿತ್ತು, ಲಗಮವ್ವ ಆಯಿ ಹೇಳಿದ್ದು ಆಗತಿರಲಿಲ್ಲ. ಒಮ್ಮಿ ಚೂಕ ಮಾಡಿದ್ನಿ. ಈ ಸರ್ತಿ ಖರೇ ವೇಗ ಇದು ಅಂತ ಮತ್ತೊಬ್ಬರು ಸಾಕ್ಷಿ ಹೇಳಬೇಕಿತ್ತ ನನಗ.”

ಸಾಕ್ಷಿ ಸಿಕ್ಕಿದ್ದು ಸರ್ವರಬಿಯವರಿಂದ. ಮಗಳಿಗೆ ಚಹಾ ತಂದಿಟ್ಟು, ಬಂದ ತಪ್ಪಿಗೆ ನಾಲ್ಕು ಗಳಿಗೆ ಪರದೆ ನೋಡುತ್ತ ನಿಂತವರು, “ಗುಲ್ಲೂ, ವೋ ಛೋಕ್ರಿ ಕಾಯ್ಕು ಇತ್ತಾ ಸುಸ್ತ್ ಝೂಲ್‌ರೈ?” ಎಂದರು. ಆ ಹುಡುಗಿ ಯಾಕೆ ಇಷ್ಟು ನಿಧಾನವಾಗಿ ಜೋಕಾಲಿ ಆಡುತ್ತಿದ್ದಾಳೆ ಎಂದು. ಗುಲನಾಜ ಆವರೆಗೆ ಮದುಮಗಳ ಮುಖವನ್ನಷ್ಟೇ ನೋಡಿದ್ದರು. ತೆರೆದ ಬಾಗಿಲಿನಾಚೆ, ಪಡಸಾಲೆಯ ಜೋಕಾಲಿಯಲ್ಲಿ, ಮದುವೆಗೆ ಬಂದ ಯಾರದೋ ಪುಟ್ಟ ಹುಡುಗಿ ಇದಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಕೂತು ಜೀಕುತ್ತಿದ್ದಳು. ಹೌದು, ಆ ಜೋಕಾಲಿ ಹೋಗುವುದೂ ಬರುವುದೂ ಸ್ವಲ್ಪ ನಿಧಾನವಾಗಿತ್ತು.

ಜೋಕಾಲಿಯ ಗುಣವೇ ಹಾಗೆ. ಸರಪಳಿ ಎಷ್ಟು ಉದ್ದವೋ ಅಷ್ಟಕ್ಕೆ ತಕ್ಕಂತೆ ಅದು ಹೋಗಿಬರುತ್ತದೆ. ಕೂತವರು ಹಗುರವಿರಲಿ, ಭಾರವಿರಲಿ, ಅದರ ಲಯ ಹೆಚ್ಚು ಕಡಿಮೆಯಾಗುವುದಿಲ್ಲ. ಗುಲನಾಜ ಅವತ್ತೇ ಶಿರಗುಪ್ಪಿಯ ಬಸ್ಸು ಹತ್ತಿದರು. ಹಿಂದಿನ ಕೋಣೆಗಳಿಗೆಲ್ಲ ಸ್ಲ್ಯಾಬು ಬಿದ್ದಿದ್ದರೂ ಆ ಮನೆಯ ಪಡಸಾಲೆ ಹಳೆಯದೇ, ಜೋಕಾಲಿಯೂ ಅಲ್ಲೇ ಇತ್ತು. ಹೋದ ಸಲದ ಫಜೀತಿಯ ನಂತರ ಮತ್ತೆ ಬಂದವಳನ್ನು ನೋಡಿ ಬಾಳಾಸಾಬ ಕೂರಲು ಹೇಳಿದರು. ಈಕೆ ಕೂರದೆ ಜೋಕಾಲಿಯ ಸರಪಳಿ ಮುಟ್ಟಿ ನೋಡಿದರು.

“ಆಬಾ, ಇವು ಆವಾಗಿನ ಸರಪಳಿ ಏನ್ರಿ?”

“ಅವ ಅದಾವ. ಹಲಗಿ ಒಂದ ಬದಲಾಗೇತಿ. ಯಾಕ ತಂಗಿ, ಜೋಕಾಲಿ ಆಡಾಕ ಅಥಣಿಯಿಂದ ಬಂದ್ಯಾ?”

ಗುಲನಾಜ ಕೋಮಲಳನ್ನು ಕೂರಿಸಿ, ಜೀಕಲು ಹೇಳಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಮರುದಿನ ನಸುಕಿಗೆ ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟರು. ಈಚೆಗೆ ಜೀನ್ಸ್ ತೊಟ್ಟ ಕೋಮಲ, ಆಚೆಗೆ ಲಂಗ ತೊಟ್ಟ ಆ ಹುಡುಗಿ. ಹದಿನಾರರಲ್ಲಿ ಆ ಹುಡುಗಿ ಹಿಂದೆ ಬೀಳುತ್ತಿದ್ದಳು. ಹದಿನೆಂಟಕ್ಕೆ ಏರಿಸಿದರು. ಇಬ್ಬರೂ ಒಟ್ಟಿಗೆ ಹೋದರು, ಒಟ್ಟಿಗೆ ಬಂದರು. ಅದನ್ನು ನನಗೂ ಹಾಕಿ ತೋರಿಸಿದರು. ಇಬ್ಬರು ಹುಡುಗಿಯರೂ ಒಂದೇ ಜೋಕಾಲಿಯಲ್ಲಿ ಒಂದೇ ಲಯದಲ್ಲಿ ಜೀಕುವುದನ್ನು ನೋಡುತ್ತ ನನಗೆ ಯಾಕೋ ಬಹಳ ಸಂತೋಷವಾಯಿತು, ಇನ್ನೊಮ್ಮೆ ಹಾಕಿಸಿಕೊಂಡು ನೋಡಿದೆ.

ವೇಗ ಹದಿನೆಂಟಾದ ಮೇಲೆ ಗುಲನಾಜ ಸೇರಿನ ಸದ್ದನ್ನು ಕಾಲಿಗೆ ಕೂಡಿಸಿದರು, ಅಷ್ಟೇ. ಒಡಪನ್ನು ಮುಟ್ಟಲೇ ಇಲ್ಲ. ಹಿಂದಕ್ಕೆ ಹೋಗಿ ನೋಡಿದರೆ ಬಾಸಿಂಗದ ಎಳೆ ಅಲುಗುವಲ್ಲಿ ಆ ಸಣ್ಣ ಧ್ವನಿ ತಾನಾಗಿ ಬಂದು ಕೂತಿತ್ತು. ಸೆಕೆಂಡಿಗೆ ಎರಡು ಫೋಟೋಗಳ ತಪ್ಪಿನಿಂದ, ಹಿಂದಕ್ಕೆ ಹೋದಂತೆ ಜಾರಿ ಜಾರಿ, ವೈನಿಯ ಮಾತು ಲಗಮವ್ವನ ಬಾಯಿಗೆ ಬಂದಿತ್ತು. ಈಗ ಒಂದೊಂದೇ ಚಿತ್ರ ಸರಿಸಿ ನೋಡಿದರೆ ಎಳೆಗಳ ಸಂದಿಯಲ್ಲಿ, ಹೆಸರಿನ ಮೊದಲಿಗೊಮ್ಮೆ, ಕೊನೆಗೊಮ್ಮೆ, ‘ಬ’ ಎನ್ನಲು ತುಟಿ ಮುಚ್ಚುವುದು ಕಾಣುತ್ತದೆ. “ನಾ ಅಲ್ಲೇ ಅತ್ನಿರಿ,” ಎಂದರು ಗುಲನಾಜ. “ಅವ್ವ ಚಹಾ ಆರಿ ಹೋತು ಅಂತ ಬೈಯಾಕತ್ತಿದ್ಲು.”

ಕಳೆದ ಶುಕ್ರವಾರ ಗುಲನಾಜ ಲ್ಯಾಪ್‌ಟಾಪು ಹಿಡಿದು ಶಿರಗುಪ್ಪಿಗೆ ಹೊರಟಾಗ ನಾನೂ ಜೊತೆಗಿದ್ದೆ. ಕಾಗವಾಡ ದಾಟಿದ ಮೇಲೆ ಒಮ್ಮೆ, “ಈ ಸರ್ತಿನೂ ಅಲ್ಲ ಅಂದ್ರ ಏನ್ ಮಾಡೂದ್ರಿ? ಅವರ ಧ್ವನಿ ಹೌದೋ ಅಲ್ಲೋ ಹೇಳಾವರು ಆಬಾ ಒಬ್ಬರ,” ಎಂದರು. ಎಷ್ಟೋ ಮನೆಗಳಲ್ಲಿ ಇವರು ಕೂಡಿಸಿದ ಚಿತ್ರ ಓಡುತ್ತಿದೆ. ಅದರಲ್ಲಿ ಕೊನೆಗೆ ಬರುವುದು ಸ್ಟುಡಿಯೊದ ಹೆಸರು, ಇವರದ್ದಲ್ಲ. ಅದರ ಬಗ್ಗೆ ಬೇಸರವಿಲ್ಲವೇ ಎಂದು ಕೇಳಿದೆ. “ನೋಡಾವರಿಗೆ ನಡುವ ಒಬ್ಬಾಕಿ ಅದಾಳ ಅಂತ ಅನಸಬಾರದ್ರಿ. ಅನಸ್ತು ಅಂದ್ರ ಎಲ್ಲೋ ಕೂಡಿಲ್ಲ ಅಂತ,” ಎಂದು ಮತ್ತೆ ಕಿಟಕಿಯ ಕಡೆ ತಿರುಗಿದರು.

ಈ ಸಲ ಅಕ್ಕಪಕ್ಕದವರಿಗೆ ಹೇಳಿ ಕಳಿಸಿರಲಿಲ್ಲ. ಪಡಸಾಲೆಯಲ್ಲಿ ಕೋಮಲ, ನಾವಿಬ್ಬರು ಮತ್ತು ಬಾಳಾಸಾಬ. ಅವರು ಎಮ್ಮೆ ಹಿಂಡುವುದಿದೆ, ಲಗೂನ ಮುಗಿಸಿ ಎಂದು ಹೇಳಿ ಗೋಡೆಗೆ ಒರಗಿ ಕೂತರು. ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು, ಪರದೆಯನ್ನು ನೋಡಿಯೂ ನೋಡದವರಂತೆ ಇದ್ದರು. ಇನ್ನೊಮ್ಮೆ ನಿರಾಸೆಯಾದರೆ ಯಾರಿಗೂ ಕಾಣಬಾರದೆಂದು ಅವರು ಮೊದಲೇ ಸಿದ್ಧರಾಗಿ ಕೂತಂತಿತ್ತು.

ಚಿತ್ರ ಶುರುವಾಯಿತು. ಹಲಗೆ ಬಾರಿಸುವ ಸದ್ದು, ಹೆಂಗಸರ ನಗು. ವೈನಿ ಎಲ್ಲೋ ಆಚೆಯಿಂದ ಗಟ್ಟಿಯಾಗಿ ತನ್ನ ಒಡಪು ಹೇಳಿದರು. ಅಷ್ಟು ಹೊತ್ತೂ ಮದುಮಗಳ ಮುಖದ ಮೇಲಿನ ಎಳೆಗಳು ಅಲುಗಲಿಲ್ಲ. ಯಾರೋ “ಹೇಳವಾ, ಹೇಳ” ಎಂದರು. ಎಳೆಗಳು ಅಲುಗಿದವು.

ಕೃಷ್ಣಾ ಹೊಳಿ ದಂಡಿಗೆ ಕಬ್ಬಿನ ಗರಿ ಹಸರ,
ಒಮ್ಮಿ ಹೇಳತೇನಿ ಕೇಳ್ರಿ, ಬಾಳಾಸಾಬರ ಹೆಸರ.

ಎಳೆಯ ಧ್ವನಿ, ಹೆದರಿ ನಡುಗುವ ಧ್ವನಿ. ಆಮೇಲೆ ನಗೆ, ಆಮೇಲೆ ಸೇರು ಉರುಳಿತು. ಕೋಮಲ ಅಜ್ಜನ ಕಡೆ ತಿರುಗಿದಳು. ಗುಲನಾಜ ತಿರುಗಲಿಲ್ಲ, ನೆಲ ನೋಡುತ್ತ ಕೂತಿದ್ದರು. ಬಾಳಾಸಾಬ ಗೋಡೆ ಬಿಟ್ಟು ಮುಂದಕ್ಕೆ ಸರಿದು, ಟಿವಿಯ ತೀರ ಹತ್ತಿರ ಬಂದು ಕೂತರು.

“ಇನ್ನೊಮ್ಮಿ ಹಚ್ಚ, ಕೋಮೂ,” ಎಂದರು.

ಕೋಮಲ ಮತ್ತೆ ಹಚ್ಚಿದಳು. ಎಳೆಗಳು ಅಲುಗಿದವು. ಲಗಮವ್ವ ತಲೆ ತಗ್ಗಿಸಿಕೊಂಡೇ ಗಂಡನ ಹೆಸರು ಹೇಳಿದಳು.

“ಓ,” ಎಂದರು ಬಾಳಾಸಾಬ.

ನೋಡಿದ್ದು, ಕೇಳಿದ್ದು ಬರೆದುಕೊಳ್ಳಲು ಹೋದವಳು ಅಲ್ಲೇ ಕೂತುಬಿಡುತ್ತಿದ್ದೆನೋ ಏನೋ. ಗುಲನಾಜ ಸದ್ದಾಗದಂತೆ ಎದ್ದು, ಕೋಮಲಳಿಗೆ ಕಣ್ಣಲ್ಲೇ ಸನ್ನೆ ಮಾಡಿ, ನನ್ನ ಮೊಣಕೈ ಹಿಡಿದರು.

“ಬರ್ರಿ ಅಕ್ಕಾರ, ಹೊರಗ ಕುಂಡರೂಣು,” ಎಂದು ಕಿವಿಯ ಹತ್ತಿರ ಹೇಳಿದರು. “ಗಂಡಾ ಹೆಂಡತಿ ಮಾತಾಡಾಕತ್ತಾಗ ನಮ್ಮದೇನ ಕೆಲಸ?”